ಚೌಕಟ್ಟಿನ ಮೂಲೆ ಬಾಯಿ ಬಿಡುವುದೇಕೆ

ಫೋಟೊ ಚೌಕಟ್ಟಿನ ಮೂಲೆಯಲ್ಲಿ ಎರಡು ಪಟ್ಟಿಗಳು 45 ಡಿಗ್ರಿಯ ಓರೆಯಲ್ಲಿ ಕೂಡುತ್ತವೆ. ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿ ಕೊಯ್ತವೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಒಟ್ಟು 4 ಡಿಗ್ರಿ. ಮೂರು ಮೂಲೆಗಳನ್ನು ಬಿಗಿಯಾಗಿ ಕೂರಿಸಿದರೆ ಅಷ್ಟೂ ತಪ್ಪು ನಾಲ್ಕನೆಯದರಲ್ಲಿ ಕಾಣಿಸುತ್ತದೆ.

ಸಂದು ಬಿಟ್ಟಾಗ ಕೋನವನ್ನೇ ದೂರುವುದು ರೂಢಿ. ಉದ್ದದ ಮೇಲೆ ಅನುಮಾನ ಬರುವುದು ಕಡಿಮೆ. ಎದುರುಬದುರು ಪಟ್ಟಿಗಳಲ್ಲಿ ಒಂದು ತುಸು ಗಿಡ್ಡವಾದರೂ ಸಾಕು, ಕೋನ ಎಷ್ಟೇ ಶುದ್ಧವಾಗಿರಲಿ, ಮೂಲೆ ಕೂಡದು. ಜೋಡಿಯನ್ನು ಬೆನ್ನಿಗೆ ಬೆನ್ನು ಹಚ್ಚಿ ತುದಿಗಳ ಮೇಲೆ ಬೆರಳಾಡಿಸಿದರೆ, ಅಳತೆಪಟ್ಟಿಗೆ ಸಿಗದ ವ್ಯತ್ಯಾಸವೂ ತಿಳಿಯುತ್ತದೆ.

ಗರಗಸ ಬಿಟ್ಟುಹೋದ ಒರಟು ಮುಖವನ್ನು ಹಾಗೆಯೇ ಅಂಟಿಸುವುದು ಅವಸರದ ಕೆಲಸ. ಕೂದಲೆಳೆಯಷ್ಟು ಹೆಚ್ಚು ಬಿಟ್ಟು ಕೊಯ್ದು, ಉಜ್ಜುಗೊರಡನ್ನು ಮಗ್ಗುಲಾಗಿ ಹಲಗೆಯ ಮೇಲೆ ಓಡಿಸಿ ಮುಗಿಸಬೇಕು. ಹಲಗೆಯ ಮೇಲೆ ಪಟ್ಟಿಗೆ ಆನಿಕೆಯಾಗಿ ಒಂದು ತ್ರಿಕೋನದ ಮರದ ತುಂಡು ಇರುತ್ತದೆ. ಅದರ ಸೊಗಸು ಇಲ್ಲಿದೆ: ಮೂಲೆಯ ಒಂದು ಪಟ್ಟಿಯನ್ನು ತುಂಡಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಆನಿಸಿ ಉಜ್ಜಿದರೆ, ಒಂದು ಕಡೆ 44.8 ಆದದ್ದು ಇನ್ನೊಂದು ಕಡೆ 45.2 ಆಗುತ್ತದೆ. ಮೂಲೆ ಮಾತ್ರ 90. ಹಾಗಾಗಿ ತುಂಡಿನ ಲಂಬಕೋನವೊಂದನ್ನು ಮೂಲೆಮಟ್ಟ ಹಿಡಿದು ಖಚಿತ ಮಾಡಿಕೊಂಡರೆ ಸಾಕು.

ಇಷ್ಟಾದರೂ ಹವೆ ಬಿಡುವುದಿಲ್ಲ. ಮರ ಉದ್ದಕ್ಕೆ ಕುಗ್ಗುವುದು ನಗಣ್ಯ, ಅಗಲಕ್ಕೆ ಕುಗ್ಗುತ್ತದೆ. 50 ಮಿ.ಮೀ. ಅಗಲದ ಪಟ್ಟಿ 1 ಮಿ.ಮೀ. ಒಣಗಿ ಕುಗ್ಗಿದರೆ ಓರೆಯ ಕೋನವೇ ಬದಲಾಗಿ, ಮೂಲೆಯ ಒಳತುದಿಯಲ್ಲಿ ಸುಮಾರು 1.4 ಮಿ.ಮೀ. ಸಂದು ಬೀಳುತ್ತದೆ. ಮಳೆಗಾಲದಲ್ಲಿ ಉಬ್ಬಿದರೆ ಹೊರತುದಿ ತೆರೆಯುತ್ತದೆ. ಸಂದು ಎಲ್ಲಿದೆಯೆಂದು ನೋಡಿದರೆ ಅರ್ಧ ರೋಗನಿದಾನ ಆದಂತೆ. ಕರಾವಳಿಯ ಆಷಾಢದಲ್ಲಿ ಕೂಡಿಸಿದ ಚೌಕಟ್ಟು ಕಲಬುರಗಿಯ ಬೇಸಿಗೆಗೆ ಹೋದರೆ ಒಳಮೂಲೆ ತೆರೆಯುವುದು ಬಡಗಿಯ ತಪ್ಪಲ್ಲ. ಚೆನ್ನಾಗಿ ಆರಿದ ತೇಗ, ಕಿರಿದಾದ ಪಟ್ಟಿ ಇದಕ್ಕೆ ಪರಿಹಾರ. ಬಾಗಿಲಿನಂಥ ಅಗಲದ ಮರಕ್ಕೆ ಓರೆಯ ಗೊಡವೆಯೇ ಬೇಡ. ಗೂಡು ಕೊರೆದು ಕಚ್ಚು ಕೂರಿಸುವುದೇ ಸರಿ.

ಓರೆಯ ಮುಖದಲ್ಲಿ ನಾರಿನ ತುದಿಗಳು ತೆರೆದಿರುವುದರಿಂದ ಅಂಟನ್ನು ಹೀರಿಬಿಡುತ್ತವೆ. ಮೊದಲು ತೆಳುವಾಗಿ ಸವರಿ, ಅದು ಹೀರಿದ ಮೇಲೆ ಮತ್ತೊಮ್ಮೆ ಬಳಿಯಬೇಕು. ಬಲ ಬೇಕೆಂದರೆ ಮೂಲೆಗೆ ಅಡ್ಡ ಸೀಳು ಹಾಕಿ ತೆಳು ಮರದ ಚೂರು ಸೇರಿಸಬಹುದು. ಅದರ ನಾರು ಸಂದನ್ನು ದಾಟಿ ಹೋಗಬೇಕು. ಸುತ್ತ ಹುರಿ ಬಿಗಿದು, ಕಡ್ಡಿ ತೂರಿಸಿ ತಿರುಚಿದರೆ ನಾಲ್ಕೂ ಮೂಲೆಗೆ ಒತ್ತಡ ಸಿಗುತ್ತದೆ. ಎರಡು ಕರ್ಣಗಳೂ ಸಮ ಇದ್ದರೆ ಚೌಕ ಸರಿ.

ಕೊನೆಗೂ ಹೊರತುದಿಯಲ್ಲಿ ಕೂದಲೆಳೆಯ ಸಂದು ಉಳಿದರೆ, ಸ್ಕ್ರೂಡ್ರೈವರಿನ ದುಂಡು ಕಬ್ಬಿಣದಿಂದ ಎರಡೂ ಬದಿಯಿಂದ ಒತ್ತಿ ಉಜ್ಜಿದಾಗ ನಾರುಗಳು ಬಾಗಿ ಮುಚ್ಚಿಕೊಳ್ಳುತ್ತವೆ. ಮರದ ಪುಡಿಗೆ ಅಂಟು ಕಲಸಿ ತುಂಬುವವರೂ ಇದ್ದಾರೆ. ಪಾಲಿಶ್ ಬಿದ್ದೊಡನೆ ಅದು ಬೇರೆ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ.