ಕಡಿಮೆ ಓಡಿದ ಕಾರು, ಹಳೆಯ ಬೆಲ್ಟು

ನೇಪರ್‌ವಿಲ್ ಇರಲಿ, ನೋವೈ ಇರಲಿ, ಕನ್ನಡದ ಮನೆಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಬಂತೆಂದರೆ ಒಂದು ವರ್ಣನೆಗೆ ಎಲ್ಲರೂ ಮರುಳಾಗುತ್ತಾರೆ. ಒಬ್ಬರೇ ಮಾಲೀಕರು, ವಯಸ್ಸಾದವರು, ದೇವಸ್ಥಾನಕ್ಕೂ ಅಂಗಡಿಗೂ ಬಿಟ್ಟರೆ ಗಾಡಿ ಹೊರಗೆ ತೆಗೆದವರಲ್ಲ, ಓಡಿದ್ದು ಬರೀ ಅರವತ್ತು ಸಾವಿರ ಮೈಲಿ. ಊರಿಂದ ಎಂ.ಎಸ್. ಓದಲು ಬಂದ ಅಣ್ಣನ ಮಗನಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದುಂಟೆ! ನನಗೆ ಮಾತ್ರ ಇಂಥ ಕಾರು ಕಂಡರೆ ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದಿರುವ ರಬ್ಬರ್ ಪಟ್ಟಿಯದೇ ಚಿಂತೆ. ಒಂದೂವರೆ ಲಕ್ಷ ಮೈಲಿ ಓಡಿದ್ದರೂ ಸಕಾಲಕ್ಕೆ ಟೈಮಿಂಗ್ ಬೆಲ್ಟ್ ಬದಲಿಸಿಕೊಂಡ ಗಾಡಿಯನ್ನು ಧೈರ್ಯವಾಗಿ ಕೊಂಡೇನು. ಇಪ್ಪತ್ತು ವರ್ಷ ಗ್ಯಾರೇಜಿನಲ್ಲೇ ಮಲಗಿ, ಕಾರ್ಖಾನೆಯಲ್ಲಿ ಹಾಕಿದ ಬೆಲ್ಟನ್ನೇ ಇನ್ನೂ ಇಟ್ಟುಕೊಂಡಿರುವ ಗಾಡಿ ನನಗೆ ಬೇಡ.

ಬೆಲ್ಟಿನ ಕೆಲಸ ಇಷ್ಟೇ. ಕೆಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್, ಮೇಲೆ ವಾಲ್ವುಗಳನ್ನು ತೆರೆಸುವ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರಬೇಕು. ಹಲ್ಲುಗಳಿರುವ ಬೆಲ್ಟು ಈ ಲೆಕ್ಕ ಕಾಯುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಂಟರ್‌ಫಿಯರೆನ್ಸ್ ಎಂಜಿನ್ ಎನ್ನುವುದರಲ್ಲಿ ತೆರೆದ ವಾಲ್ವೂ ಮೇಲೆ ಬಂದ ಪಿಸ್ಟನ್ನೂ ಇರಬೇಕಾದದ್ದು ಒಂದೇ ಜಾಗದಲ್ಲಿ, ಹಗಲು ಪಾಳಿಯವನೂ ರಾತ್ರಿ ಪಾಳಿಯವನೂ ಒಂದೇ ಕೋಣೆ ಹಂಚಿಕೊಂಡ ಹಾಗೆ. ಬೆಲ್ಟು ಕಡಿಯಿತೋ, ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ, ಕೆಲವು ವಾಲ್ವು ತೆರೆದೇ ಉಳಿಯುತ್ತವೆ. ಗಾಡಿಯ ವೇಗಕ್ಕೆ ಕ್ರ್ಯಾಂಕ್ ತಿರುಗುತ್ತಲೇ ಇರುವುದರಿಂದ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬೆಂಡಾದರೆ ಹೆಡ್ ಇಳಿಸಬೇಕು. ಪಿಸ್ಟನ್ನೇ ಒಡೆದರೆ ಹಳೆಯ ಕಾರಿಗೆ ಆ ಖರ್ಚು ಮಾಡುವವರು ಕಡಿಮೆ, ಗಾಡಿ ಗುಜರಿಗೆ.

ಬೆಲ್ಟನ್ನು ಅಮೆರಿಕದ ದೊಡ್ಡ ತಯಾರಿಕೆಗೆ ತಂದದ್ದು ಡೆಟ್ರಾಯಿಟ್ ಸೀಮೆಯವರೇ. 1962ರಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಕಾರಿನಲ್ಲಿ ಮೊದಲು ಹಾಕಿತು. ಆಮೇಲೆ 1966ರ ಮಾಡೆಲಿನ ಪಾಂಟಿಯಾಕ್ ಟೆಂಪೆಸ್ಟ್, ಆರು ಸಿಲಿಂಡರ್, 3.8 ಲೀಟರ್. ಆಗ ಪಾಂಟಿಯಾಕ್‌ನ ಸಾರಥ್ಯ ಜಾನ್ ಡಿಲೋರಿಯನ್‌ರದು. ವಿ-8 ಗುಡುಗಿಗೆ ಜನ ಹುಚ್ಚಾಗಿದ್ದ ಕಾಲದಲ್ಲಿ, ಗ್ಲಾಸ್ ಫೈಬರ್ ಹುರಿ ಸೇರಿಸಿದ ರಬ್ಬರ್ ಬೆಲ್ಟು, ಮೇಲೆ ಕ್ಯಾಮ್! ಆ ಎಂಜಿನ್ ನಾಲ್ಕೇ ವರ್ಷ ಬಾಳಿತು, 1969ಕ್ಕೆ ಮುಗಿಯಿತು. ನನ್ನ ಮಟ್ಟಿಗೆ ಅದು ಆ ದಶಕದ ಅತಿ ಚಂದದ ಅಮೆರಿಕನ್ ಎಂಜಿನ್. ವಿ-8 ಭಕ್ತರು ಬಯ್ದರೆ ಬಯ್ಯಲಿ. ಬೆಲ್ಟು ಹಗುರ, ಅಗ್ಗ, ಸದ್ದಿಲ್ಲದ್ದು, ಎಣ್ಣೆ ಬೇಡದ್ದು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಸಣ್ಣ ಕಾರುಗಳೆಲ್ಲ ಅದಕ್ಕೆ ಒಲಿದದ್ದು ಅದಕ್ಕೇ. ಚಿಕಾಗೋಗೆ ವಾಯವ್ಯದಲ್ಲಿರುವ ಬೆಲ್ವಿಡಿಯರ್ ಕಾರ್ಖಾನೆಯಿಂದ ಬಂದ ಡಾಡ್ಜ್ ನಿಯಾನ್ ಕೂಡ ಬೆಲ್ಟಿನದೇ, ಅದೂ ಕಡಿದರೆ ವಾಲ್ವ್ ಉಳಿಯದ ಜಾತಿಯದು.

ನಮ್ಮವರು ಹೆಚ್ಚಾಗಿ ಕೊಳ್ಳುವ ಎರಡು ಕಾರುಗಳಲ್ಲಿ ಸೂಕ್ಷ್ಮ ಇದೆ. ಕ್ಯಾಮ್ರಿಯ ನಾಲ್ಕು ಸಿಲಿಂಡರ್ 2001ರವರೆಗೆ ಬೆಲ್ಟು, 2002ರಿಂದ ಚೈನು. ಆ ಹಳೆಯ 2.2 ಲೀಟರ್ ಎಂಜಿನ್ ಪುಣ್ಯವಂತ: ಬೆಲ್ಟು ಕಡಿದರೂ ಪಿಸ್ಟನ್ ವಾಲ್ವಿಗೆ ತಾಗದು, ಹೊಸ ಬೆಲ್ಟು ಹಾಕಿದರೆ ಮತ್ತೆ ಹೊರಡುತ್ತದೆ. ಹೋಂಡಾಕ್ಕೆ ಆ ದಾಕ್ಷಿಣ್ಯವಿಲ್ಲ. 2003ರ ಅಕಾರ್ಡ್ ಎರಡು ನಿಂತಿದ್ದರೆ ನಾಲ್ಕು ಸಿಲಿಂಡರಿನದಕ್ಕೆ ಚೈನು, ವಿ-6ಕ್ಕೆ ಬೆಲ್ಟು. ಮಾರುವವರಿಗೇ ಎಷ್ಟೋ ಸಲ ಇದು ತಿಳಿದಿರುವುದಿಲ್ಲ.

ಆ ಕಾಲದ ಹೋಂಡಾ ಕೈಪಿಡಿ 1,05,000 ಮೈಲಿ ಅಥವಾ ಏಳು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ. ಮೈಲಿ ಎಲ್ಲರ ತಲೆಯಲ್ಲೂ ಇರುತ್ತದೆ, ಏಳು ವರ್ಷ ಯಾರ ತಲೆಯಲ್ಲೂ ಇಲ್ಲ. ನಿಂತ ಗಾಡಿಯಲ್ಲೂ ರಬ್ಬರ್ ಗಡುಸಾಗುತ್ತದೆ, ಹಳೆಯ ಸೀಲುಗಳಿಂದ ಜಿನುಗಿದ ಎಣ್ಣೆ ಅದನ್ನು ಕೆಡಿಸುತ್ತದೆ. ಚಳಿಯ ವಿಷಯವೂ ಅದೇ ಕೈಪಿಡಿಯಲ್ಲಿದೆ. ಮೈನಸ್ 29 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪದೇ ಪದೇ ಓಡಿಸುವವರು 60,000 ಮೈಲಿಗೇ ಬದಲಿಸಬೇಕು. ಚಿಕಾಗೋ 2019ರ ಜನವರಿ 30ರಂದು ಮೈನಸ್ 31ರ ಹತ್ತಿರ ಹೋಗಿತ್ತು, 1985ರಲ್ಲಿ ಇನ್ನೂ ಕೆಳಗೆ. ಆದರೆ ಅಂಥ ದಿನಗಳು ಬೆರಳೆಣಿಕೆಯವು, ಅದಕ್ಕೆಂದು ಗಾಬರಿ ಬೇಡ. ಹೆದರಬೇಕಾದದ್ದು ವಯಸ್ಸಿಗೆ. ಬಿಡದಿಯಲ್ಲಿ ತಯಾರಾದ ಹಳೆಯ ಡೀಸೆಲ್ ಇನ್ನೋವಾದಲ್ಲಿ ಗಡುವು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತಿತ್ತು, ಎಷ್ಟು ಒಳ್ಳೆಯ ಯೋಚನೆ! ಆದರೆ ಅದೂ ಎಣಿಸುವುದು ಕಿಲೋಮೀಟರುಗಳನ್ನೇ.

ದೀಪವಿಲ್ಲದ ಗಾಡಿಯಲ್ಲಿ ಎಷ್ಟೋ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆಂದು ಚಿಕಾಗೋದಿಂದ ಐ-94 ಹಿಡಿದು ಡೆಟ್ರಾಯಿಟ್‌ಗೆ ಹೊರಟವರಿಗೆ ಕಲಮಜೂ ದಾಟಿದ ಮೇಲೆ ಎಂಜಿನ್ ಸುಮ್ಮನೆ ಆರಿಹೋಗಬಹುದು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ಸರ್ರನೆ ಸುತ್ತುತ್ತದೆ. ಅದು ಕಂಪ್ರೆಶನ್ ಇಲ್ಲದ ಸದ್ದು. ಅಲ್ಲಿಗೇ ಕೈ ಬಿಡಿ, ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಉಳಿದ ವಾಲ್ವುಗಳಿಗೂ ಪೆಟ್ಟು. ಟೋ ಟ್ರಕ್ಕಿಗೆ ಫೋನ್ ಮಾಡಿ.

ಹೊಸ ಕಾರಿನವರು ನಗುವಂತಿಲ್ಲ. ಬೆಲ್ಟನ್ನು ಎಣ್ಣೆಯಲ್ಲೇ ಮುಳುಗಿಸಿಡುವ ಪದ್ಧತಿ ಈಗ ಬಂದಿದೆ. ಡಿಯರ್‌ಬಾರ್ನ್‌ನ ಫೋರ್ಡ್ 2023ರ ಕೊನೆಗೆ 1.0 ಲೀಟರ್ ಎಂಜಿನ್ನಿನ ಫೋಕಸ್, ಇಕೋಸ್ಪೋರ್ಟ್ ಸೇರಿ ಸುಮಾರು 1.4 ಲಕ್ಷ ಕಾರುಗಳನ್ನು ರೀಕಾಲ್ ಮಾಡಿತು. ಅದು ಟೈಮಿಂಗ್ ಬೆಲ್ಟಲ್ಲ, ಆಯಿಲ್ ಪಂಪ್ ತಿರುಗಿಸುವ ಬೆಲ್ಟು ಮತ್ತು ಅದರ ಟೆನ್ಶನರ್. ಕೆಟ್ಟರೆ ಎಣ್ಣೆಯ ಒತ್ತಡ ಹೋಗಿ ಎಂಜಿನ್ ಹಿಡಿದುಕೊಳ್ಳಬಹುದು. ಇಲ್ಲಿ ಮಾರಾಟವಾದ ಇಕೋಸ್ಪೋರ್ಟ್ ತಯಾರಾದದ್ದು ಚೆನ್ನೈ ಬಳಿ, ನಮ್ಮ ಪಕ್ಕದ ಮನೆಯದೇ.

ಹಳೆಯ ಗಾಡಿ ಕೊಳ್ಳುವಾಗ ಕೇಳಬೇಕಾದದ್ದು ಬೆಲ್ಟ್ ಬದಲಿಸಿದ ಬಿಲ್ಲು, ತಾರೀಖು ಮತ್ತು ಮೈಲಿ ಬರೆದದ್ದು. “ಮಾಡಿಸಿದ ನೆನಪು” ಅಂದರೆ ಮಾಡಿಸಿಲ್ಲ ಎಂದೇ ಲೆಕ್ಕ. ಬಿಲ್ಲಿಲ್ಲದಿದ್ದರೆ ಸಾವಿರ ಡಾಲರ್ ಇಳಿಸಿ ಕೇಳಿ, ಕೊಂಡ ವಾರವೇ ಬೆಲ್ಟು ಹಾಕಿಸಿ. ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ, ಟೆನ್ಶನರನ್ನೂ, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲುಗಳನ್ನೂ ಅದೇ ಸಲ ಬದಲಿಸಿ. ಕೂಲಿ ಹೆಚ್ಚೂಕಡಿಮೆ ಒಂದೇ, ಬರೀ ಬೆಲ್ಟು ಸಾಕು ಎನ್ನುವ ಮೆಕ್ಯಾನಿಕ್ ಸಿಕ್ಕರೆ ಬೇರೆಯವನನ್ನು ನೋಡಿ.