ಇಬ್ಬರನ್ನು ಕೂರಿಸಿದರೆ ಸಾಕೇ?

ಬಾನುಲಿ ಸಂದರ್ಶನಕ್ಕೆ ಒಬ್ಬರ ಬದಲು ಇಬ್ಬರನ್ನು ಕರೆದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಬಿಬಿಸಿ ರೇಡಿಯೋ 4ರ ‘ದಿ ಲಿಸನಿಂಗ್ ಪ್ರಾಜೆಕ್ಟ್’ 2012ರಿಂದ 2022ರವರೆಗೆ ಇದನ್ನು ಮಾಡಿ ತೋರಿಸಿತು. ಬಂಧುಗಳು, ಗೆಳೆಯರು, ಕೆಲವೊಮ್ಮೆ ಅಪರಿಚಿತರು ಎದುರುಬದುರು ಕುಳಿತು ಸುಮಾರು 40 ನಿಮಿಷ ಮಾತನಾಡುತ್ತಿದ್ದರು. ಆಯ್ದ ಭಾಗ ಪ್ರಸಾರವಾಗುತ್ತಿತ್ತು. ಭಾನುವಾರದ ಕಂತಿನಲ್ಲಿ ಇಂಥ ಕೆಲವು ಜೋಡಿಗಳ ಮಾತನ್ನು ಒಟ್ಟಿಗೆ ಕೇಳಬಹುದಿತ್ತು. ನಿರೂಪಕಿ ಫೀ ಗ್ಲೋವರ್ ಪರಿಚಯ ಹೇಳಿ ಹಿಂದೆ ಸರಿಯುತ್ತಿದ್ದರು.

ಈ ಕ್ರಮದ ಬಲ ಸ್ಪಷ್ಟ. ನಿರೂಪಕರ ಪ್ರಶ್ನೆಗೆ ಸಿದ್ಧ ಉತ್ತರ ಕೊಟ್ಟು ಪಾರಾಗಬಹುದು. ತನ್ನನ್ನು ಬಲ್ಲವರ ಎದುರು ಅದು ಸಾಧ್ಯವಿಲ್ಲ. ಆದರೆ ಮಿತಿಯೂ ಅಲ್ಲೇ ಇದೆ. ಆಪ್ತರ ಮಾತು ಮನಸ್ಸನ್ನು ತಟ್ಟುತ್ತದೆ, ಸಮಾಜದ ಜಗಳಗಳನ್ನು ಮಾತ್ರ ಅಪರೂಪಕ್ಕೆ ಮುಟ್ಟುತ್ತದೆ.

ನಮ್ಮಲ್ಲಿನ ತೊಡಕು ಬೇರೆ. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಮನಸ್ಸನ್ನು ಅರಿಯುವ ವಿದ್ಯೆಯವರು ಕಟ್ಟಿದ ಈ ಪರಂಪರೆಯಲ್ಲಿ ಇಂದಿಗೂ ನಮಗೆ ಹೆಚ್ಚು ಪರಿಚಿತವಾದ ಜೋಡಿ ರೈತ ಮತ್ತು ತಜ್ಞರದ್ದು. ರೈತ ಕೇಳುತ್ತಾನೆ, ತಜ್ಞರು ಹೇಳುತ್ತಾರೆ. ನಮ್ಮ ಕ್ರಿಯಾಪದಗಳೇ ಇಬ್ಬರ ಸ್ಥಾನವನ್ನು ಮೊದಲೇ ನಿರ್ಧರಿಸಿಬಿಟ್ಟಿವೆ. ಮಾಹಿತಿ ಉಪಯುಕ್ತವೇ, ಆದರೆ ಅದನ್ನು ಸಂವಾದವೆನ್ನಲಾಗದು.

ಗುಂಡ್ಲುಪೇಟೆ ತಾಲೂಕಿನ ಬೇಗೂರನ್ನೇ ನೋಡೋಣ. ಮೈಸೂರಿನಿಂದ ಬೇಗೂರಿನ ಮೂಲಕ ಹಾದುಹೋಗುವ ಹೆದ್ದಾರಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಸೇರುತ್ತದೆ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಜಾರಿಯಾದದ್ದು 2009ರಲ್ಲಿ. ಈ ವಿಷಯದಲ್ಲಿ ವ್ಯಾಪಾರದ ನಷ್ಟವನ್ನು ಒಬ್ಬರು, ವನ್ಯಜೀವಿಗಳ ಸಾವನ್ನು ಇನ್ನೊಬ್ಬರು ಬೇರೆ ಬೇರೆ ವೇದಿಕೆಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ತರಕಾರಿ ಸಾಗಿಸುವ ಲಾರಿ ಚಾಲಕ ಮತ್ತು ಅರಣ್ಯ ರಕ್ಷಕ ಒಂದು ವಾರಾಂತ್ಯ ಅರ್ಧ ಗಂಟೆ ಜೊತೆಗೆ ಕುಳಿತರೆ? ರಾತ್ರಿ ಕಳೆಯುವಷ್ಟರಲ್ಲಿ ಬಾಡುವ ಸೊಪ್ಪಿನ ಲೆಕ್ಕವನ್ನು ರಕ್ಷಕ ಕೇಳಬೇಕಾಗುತ್ತದೆ. ಹೆಡ್‌ಲೈಟಿನ ಬೆಳಕಿಗೆ ಕಂಗೆಟ್ಟು ರಸ್ತೆಯಲ್ಲೇ ನಿಂತುಬಿಡುವ ಜಿಂಕೆಯ ಪಾಡನ್ನು ಚಾಲಕ ಕೇಳಬೇಕಾಗುತ್ತದೆ. ಇಬ್ಬರಲ್ಲಿ ಯಾರೂ ಗೆಲ್ಲಬೇಕಿಲ್ಲ. ಟಿವಿ ಚರ್ಚೆಗಳ ಕೂಗಾಟಕ್ಕೆ ಒಗ್ಗಿಹೋದ ಕೇಳುಗರಿಗೆ, ಎದುರಾಳಿಯ ಮಾತು ಮುಗಿಯುವವರೆಗೆ ಕಾಯುವುದೂ ಒಂದು ಪಾಠವಾದೀತು.

ಮೈಸೂರು ಆಕಾಶವಾಣಿಯಾಗಲಿ, ಸರಗೂರಿನ ಜನಧ್ವನಿಯಂತಹ ಸಮುದಾಯ ಬಾನುಲಿಯಾಗಲಿ ಇದಕ್ಕೆ ದೊಡ್ಡ ಹಣ ಸುರಿಯಬೇಕಿಲ್ಲ. ಎರಡು ಮೈಕು ಮತ್ತು ಸುಮ್ಮನಿರಲು ಬಲ್ಲ ಒಬ್ಬ ನಿರೂಪಕ ಸಾಕು. ಆದರೆ ಜೋಡಿಯನ್ನು ಆರಿಸುವಾಗ ಹೆಸರುವಾಸಿಗಳನ್ನು ಬಿಟ್ಟು, ಒಬ್ಬರ ಬದುಕು ಇನ್ನೊಬ್ಬರ ಬದುಕಿಗೆ ತಾಗುವಂಥವರನ್ನು ಹುಡುಕಬೇಕು. ಆ ಶ್ರಮವನ್ನು ನಮ್ಮ ಬಾನುಲಿಗಳು ವಹಿಸಿಕೊಳ್ಳಲಿ ಎಂಬುದು ನಮ್ಮ ಒತ್ತಾಯ.