ಜುಪಿಟರ್ ಬಿಡಿಸದ ಗಂಟು

ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟರಾಲ್ ಇಳಿಸುವುದಷ್ಟೇ ಅಲ್ಲ, ರಕ್ತನಾಳದ ಉರಿಯೂತವನ್ನೂ ಶಮನಗೊಳಿಸಿ ಹೃದಯ ಕಾಯುತ್ತದೆ ಎನ್ನುವವರು ಮೊದಲು ಮುಂದಿಡುವುದು 2008ರ ಜುಪಿಟರ್ ಅಧ್ಯಯನವನ್ನು. ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಡೆಸಿಲೀಟರಿಗೆ 130 ಮಿಲಿಗ್ರಾಂಗಿಂತ ಕಡಿಮೆ, ಆದರೆ ಉರಿಯೂತ ಸೂಚಿಸುವ ಸಿಆರ್‌ಪಿ ಲೀಟರಿಗೆ 2 ಮಿಲಿಗ್ರಾಂ ಅಥವಾ ಹೆಚ್ಚು, ಇಂಥ 17,802 ಜನರನ್ನು ಆರಿಸಿ, ಅರ್ಧದಷ್ಟು ಮಂದಿಗೆ ದಿನಕ್ಕೆ 20 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ಹುಸಿ ಮಾತ್ರೆಯವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು 251. ಔಷಧ ನುಂಗಿದವರಲ್ಲಿ 142. ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು.

ಫಲ ದೊಡ್ಡದೇ. ಆದರೆ ಅದು ಯಾವುದರಿಂದ ಬಂತು? ಸಿಆರ್‌ಪಿ ಶೇ. 37ರಷ್ಟು ಇಳಿದಾಗ ಎಲ್‌ಡಿಎಲ್ ಕೂಡ 108ರಿಂದ 55ಕ್ಕೆ ಕುಸಿದಿತ್ತು. ಸಿಆರ್‌ಪಿ ಕಡಿಮೆ ಇರುವವರನ್ನು ಸೇರಿಸಿಕೊಳ್ಳದ ಕಾರಣ ಹೋಲಿಸಿ ನೋಡುವ ದಾರಿಯೇ ಇರಲಿಲ್ಲ. (ಹಣ ಕೊಟ್ಟದ್ದು ಮಾತ್ರೆ ತಯಾರಿಸುವ ಕಂಪನಿ, ಸಿಆರ್‌ಪಿ ಪರೀಕ್ಷೆಯ ಪೇಟೆಂಟಿನಲ್ಲಿ ಮುಖ್ಯ ಸಂಶೋಧಕರ ಹೆಸರೂ ಇತ್ತು. ಅಷ್ಟರಿಂದ ಅಂಕಿಗಳು ಸುಳ್ಳಾಗುವುದಿಲ್ಲ, ಬಿಡಿ.) ಆ ಹೋಲಿಕೆ ಸಿಕ್ಕಿದ್ದು ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ. ಅಲ್ಲಿ ಸಿಆರ್‌ಪಿ ತೀರ ಕಡಿಮೆ ಇದ್ದವರಿಗೂ ಸಿಮ್ವಾಸ್ಟ್ಯಾಟಿನ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ನೆರವಾಗಿತ್ತು.

2017ರಲ್ಲಿ ಬಂದ ಎರಡು ಅಧ್ಯಯನಗಳು ಎಳೆಗಳನ್ನು ಬೇರ್ಪಡಿಸಿದವು. ಫೂರಿಯರ್‌ನಲ್ಲಿ ಸ್ಟ್ಯಾಟಿನ್ ಜೊತೆ ಇವೊಲೊಕುಮ್ಯಾಬ್ ಚುಚ್ಚುಮದ್ದು ಕೊಟ್ಟಾಗ ಎಲ್‌ಡಿಎಲ್ 92ರಿಂದ 30ಕ್ಕೆ ಬಂತು. ಸಿಆರ್‌ಪಿಯಲ್ಲಿ ಮಾತ್ರ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಆದರೂ ಹೃದಯದ ಅಪಾಯ ಶೇ. 15ರಷ್ಟು ತಗ್ಗಿತು. ಕ್ಯಾಂಟೋಸ್‌ನದು ಇದರ ತಿರುವುಮುರುವು: ಕ್ಯಾನಕಿನುಮ್ಯಾಬ್ ಎಂಬ ಔಷಧ ಎಲ್‌ಡಿಎಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿ, 150 ಮಿಲಿಗ್ರಾಂ ಪ್ರಮಾಣದಲ್ಲಿ ಅದೇ ಶೇ. 15ರ ಲಾಭ ತೋರಿಸಿತು. ಜೊತೆಗೆ ಜೀವ ತೆಗೆಯುವ ಸೋಂಕುಗಳೂ ಹೆಚ್ಚಿದವು.

ಅಂದರೆ ಉರಿಯೂತದ ವಾದ ಹುರುಳಿಲ್ಲದ್ದಲ್ಲ. ಅದನ್ನು ಸ್ಟ್ಯಾಟಿನ್ ಹೆಸರಿಗೆ ಬರೆದುಕೊಳ್ಳುವುದಕ್ಕಷ್ಟೇ ನನ್ನ ತಕರಾರು. ಎಲ್‌ಡಿಎಲ್ 190 ಇರುವವರಿಗೆ ಮಾತ್ರೆ ಬೇಕೇ ಬೇಕು. ಸಿಆರ್‌ಪಿ ಎಷ್ಟಿದ್ದರೂ ಆ ತೀರ್ಮಾನ ಬದಲಾಗದು. ನೆಗಡಿ, ವಸಡಿನ ಸೋಂಕಿಗೂ ಏರುವ ಆ ಅಂಕಿಯನ್ನು ಪದೇ ಪದೇ ಅಳೆಸಿ ಮಾತ್ರೆಯ ಗುಣ ನಿರ್ಧರಿಸುವುದು ದುಡ್ಡು ದಂಡ. ಪರೀಕ್ಷೆಗೆ ಕೆಲಸವಿರುವುದು ಬೇರೆ ಕಡೆ: ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರೇ ತೂಗಿ ನೋಡುತ್ತಿರುವ ಮಧ್ಯಮ ಅಪಾಯದವರಲ್ಲಿ, ಎಲ್‌ಡಿಎಲ್ ಚೆನ್ನಾಗಿ ಇಳಿದ ಮೇಲೂ ಮತ್ತೆ ಹೃದಯಾಘಾತವಾದವರಲ್ಲಿ.